ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ?



ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದರೆ ಬಂಡೀಪುರದ ಕಾಡು ಶುರುವಾಗುವ ಮೊದಲೇ ಹಂಗಳ ಸಿಗುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ಇಲ್ಲಿಂದಲೇ ಬಲಕ್ಕೆ ತಿರುಗುತ್ತಾರೆ. ಜೂನ್, ಜುಲೈ ತಿಂಗಳಲ್ಲಿ ರಸ್ತೆಯ ಎರಡೂ ಬದಿಗೆ ಸೂರ್ಯಕಾಂತಿ, ಚೆಂಡುಹೂವು ಅರಳಿರುತ್ತವೆ. ಕೇರಳದಿಂದ ಬಂದವರು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಹೊಲ ಯಾರದು ಎಂದು ಊರವರನ್ನು ಕೇಳಿ, ತಟ್ಟನೆ ಹೇಳುತ್ತಾರೆ. ಉಳುವವರು ಯಾರು, ಅವರ ಅಪ್ಪ ಯಾರು, ಬದುವಿನ ಆಚೆ ಯಾರ ಹೊಲ, ಎಲ್ಲವೂ ಬಾಯಲ್ಲೇ ಇರುತ್ತದೆ. ಅದೇ ಪ್ರಶ್ನೆಯನ್ನು ಪಹಣಿಗೆ ಕೇಳಿದರೆ ಉತ್ತರ ಬೇರೆಯಾಗುತ್ತದೆ. ಕೆಲವು ಕಡೆ ಎಂದೋ ತೀರಿಕೊಂಡ ತಾತನ ಹೆಸರು, ಕೆಲವು ಕಡೆ ಹತ್ತಾರು ಜನರ ಹೆಸರು ಒಟ್ಟಿಗೆ, ಇನ್ನು ಕೆಲವು ಕಡೆ ಗೋಮಾಳ, ಸರ್ಕಾರಿ ಬೀಳು, ಅರಣ್ಯ.

ಜಮೀನು ಕೊಳ್ಳುವವರಿಗೆ, ಮಾರುವವರಿಗೆ ದಾರಿ ತೋರಿಸಲು ಪತ್ರ ಬರಹಗಾರರಿದ್ದಾರೆ, ವಕೀಲರಿದ್ದಾರೆ. ನಾನು ಇವತ್ತು ಮಾತಾಡಬೇಕೆಂದಿರುವುದು ಮೂರು ತಲೆಮಾರು ಉತ್ತರೂ ವಂಶದಲ್ಲಿ ಒಬ್ಬರ ಹೆಸರಿಗೂ ಒಂದು ಗುಂಟೆ ಆಗದವರ ವಿಷಯ. ಮೊದಲ ಸಲ ಹಕ್ಕುಪತ್ರ ಪಡೆಯುವವರ ವಿಷಯ. ಕಾನೂನು ಅರಿವು ಶಿಬಿರಗಳಿಗೆ ಹೋದಾಗ ನಾನು ಹೆಚ್ಚು ಸಲ ಕೇಳಿದ ಮಾತು ಇದು: "ನಮ್ಮತ್ತೆ ಕಾಲ್ದಿಂದ್ಲೂ ನಾವೇ ಉಳ್ಕಂಡ್ ಬಂದಿವಿ ಸಾ, ಪಾಣೀಲಿ ಮಾತ್ರ ಸರ್ಕಾರ ಅಂತ ಅದ."

ಉಣ್ಣುವುದಕ್ಕೆ ಬೆಳೆ ಬರುತ್ತಿರುವಾಗ ಕಾಗದ ಏಕೆ ಎಂದು ಕೇಳುವವರು ಕಾಡಂಚಿನಲ್ಲಿ ಒಂದು ರಾತ್ರಿ ಕಾವಲು ಕಾಯಬೇಕು. ಆನೆ ಹಿಂಡು ಬಂದು ಜೋಳದ ಹೊಲ ತುಳಿದು ಹೋದ ಮೇಲೆ ಬೆಳೆ ಪರಿಹಾರಕ್ಕೆ ಅರ್ಜಿ ಹಾಕಲು ಮೊದಲು ಕೇಳುವುದೇ ಪಹಣಿ. ಸಹಕಾರ ಸಂಘದ ಸಾಲಕ್ಕೂ ಅದೇ, ಬೆಳೆ ವಿಮೆಗೂ ಅದೇ. ಫ್ರೂಟ್ಸ್ ಎಂಬ ಸರ್ಕಾರದ ರೈತರ ದಾಖಲೆಯಲ್ಲಿ ನೋಂದಣಿ ಆಗಬೇಕಾದರೆ ಜಮೀನು ಹೆಸರಲ್ಲಿರಬೇಕು. ಆ ನೋಂದಣಿ ಇಲ್ಲದಿದ್ದರೆ ಬಿತ್ತನೆ ಬೀಜದ ರಿಯಾಯಿತಿಯೂ ಇಲ್ಲ, ಕಿಸಾನ್ ಸಮ್ಮಾನ್ ಹಣವೂ ಇಲ್ಲ. ಒಂದೇ ರಾತ್ರಿ, ಅಕ್ಕಪಕ್ಕದ ಎರಡು ಹೊಲಗಳನ್ನು ಒಂದೇ ಆನೆ ತುಳಿದರೂ ಒಬ್ಬರಿಗೆ ಪರಿಹಾರ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ. ವ್ಯತ್ಯಾಸ ಇರುವುದು ಕಾಗದದಲ್ಲಿ ಮಾತ್ರ.

ಈ ಕಾಗದ ಕೆಲವರಿಗೆ ಏಕೆ ಸಿಗಲಿಲ್ಲ ಎಂಬುದಕ್ಕೆ ಹಳೆಯ ಕಾರಣಗಳಿವೆ. ಮೈಸೂರು ಸಂಸ್ಥಾನದಲ್ಲಿ 1863ರಿಂದ ಕಂದಾಯ ಸರ್ವೆ ಶುರುವಾಯಿತು. 33 ಅಡಿಯ ಸರಪಳಿ ಹಿಡಿದು ಹೊಲ ಅಳೆದರು. 33 ಅಡಿ ಉದ್ದ, 33 ಅಡಿ ಅಗಲ ಸೇರಿ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಮೂಲೆಗೆ ಬಾಂದು ಕಲ್ಲು ನೆಟ್ಟರು, ಸರ್ವೆ ನಂಬರು ಕೊಟ್ಟರು, ಕಂದಾಯ ಕಟ್ಟುವವರು ಯಾರೋ ಅವರ ಹೆಸರು ಬರೆದುಕೊಂಡರು. ಇನ್ನೊಬ್ಬರ ಹೊಲದಲ್ಲಿ ಜೀತ ಮಾಡುತ್ತಿದ್ದವರ ಹೆಸರು ಆ ಪುಸ್ತಕಕ್ಕೆ ಬರಲು ಕಾರಣವೇ ಇರಲಿಲ್ಲ. ಕಾಡಿನಲ್ಲಿ ಜಾಗ ಬದಲಿಸುತ್ತಾ ರಾಗಿ ಬಿತ್ತುತ್ತಿದ್ದ ಸೋಲಿಗರು, ಜೇನು ಕುರುಬರ ನೆಲವನ್ನು ಅರಣ್ಯ ಎಂದು ಗುರುತು ಮಾಡಿಬಿಟ್ಟರು. ಇಂದಿನ ಪಹಣಿಯಲ್ಲಿ ಕಾಣುವ ಖಾಲಿ ಜಾಗಗಳ ಬೇರು ಅಲ್ಲಿದೆ.

ಸ್ವಾತಂತ್ರ್ಯದ ನಂತರ ಬಂದ ಕಾಯ್ದೆಗಳು ಒಂದೊಂದಾಗಿ ಆ ತಪ್ಪನ್ನು ತಿದ್ದಲು ನೋಡಿದವು. 1954, 1955ರಲ್ಲಿ ಇನಾಂ ರದ್ದಾಯಿತು. ತೋಟಿ, ತಳವಾರ, ನೀರುಗಂಟಿಗಳ ಚಾಕರಿ ಜಮೀನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಅವರಿಗೇ ಮರುಮಂಜೂರಾಗಲು ದಾರಿಯಾಯಿತು. ಎಲ್ಲಕ್ಕಿಂತ ದೊಡ್ಡದು ದೇವರಾಜ ಅರಸರ ಕಾಲದ ಭೂಸುಧಾರಣೆ. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು. ಗೇಣಿದಾರರು 7ನೇ ನಮೂನೆಯಲ್ಲಿ ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಿ ಅಧಿಭೋಗದ ಹಕ್ಕು ಪಡೆದರು. 1979ರ ಜೂನ್ 30 ಅರ್ಜಿಯ ಕೊನೆಯ ದಿನ. ಧಣಿಯ ಮೇಲಿನ ಹೆದರಿಕೆಯಿಂದಲೋ ದಾಕ್ಷಿಣ್ಯದಿಂದಲೋ ಅಂದು ಅರ್ಜಿ ಹಾಕದೆ ಉಳಿದವರ ಮೊಮ್ಮಕ್ಕಳು ಇವತ್ತೂ ಕೂಲಿ ಮಾಡುತ್ತಿದ್ದಾರೆ. ಒಂದು ಅರ್ಜಿ ಹಾಕುವುದು, ಬಿಡುವುದು ಇಷ್ಟು ದೂರ ಹೋಗುತ್ತದೆ ಎಂಬುದನ್ನು ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ಕಣ್ಣಾರೆ ನೋಡಬಹುದು.

ಇನ್ನು ಸರ್ಕಾರಿ ಜಮೀನು. ದರಖಾಸ್ತಿನ ಮೇಲೆ ಮಂಜೂರಾದದ್ದು ಒಂದು ಬಗೆ. ಅಪ್ಪಣೆ ಇಲ್ಲದೆ ಉಳುತ್ತಿದ್ದದ್ದನ್ನು ಸಕ್ರಮ ಮಾಡಿಕೊಟ್ಟದ್ದು, ಅಂದರೆ ಬಗರ್ ಹುಕುಂ, ಇನ್ನೊಂದು ಬಗೆ. ಬಗರ್ ಹುಕುಂ ಸಾಗುವಳಿಗೆ 1991ರಲ್ಲಿ ನಮೂನೆ 50, 1998-99ರಲ್ಲಿ ನಮೂನೆ 53, 2018ರಲ್ಲಿ ನಮೂನೆ 57 ಎಂದು ಮೂರು ಸಲ ಅರ್ಜಿ ಕರೆದರು. ಕಡೆಯದಕ್ಕೆ 2005ರ ಜನವರಿ 1ಕ್ಕೆ ಮೊದಲಿನಿಂದ ಉಳುಮೆ ನಡೆದಿರಬೇಕು. ಈಗ ಅದನ್ನು ಉಪಗ್ರಹದ ಹಳೆಯ ಚಿತ್ರ ಇಟ್ಟುಕೊಂಡು ಪರೀಕ್ಷಿಸುತ್ತಾರೆ. ಒಂದು ವಿಷಯ ಮಾತ್ರ ಹಂಗಳ ಹೋಬಳಿಯವರು ಚೆನ್ನಾಗಿ ತಿಳಿದಿರಬೇಕು: ಜಮೀನು ದಾಖಲೆಯಲ್ಲಿ ಅರಣ್ಯ ಎಂದಿದ್ದರೆ ಬಗರ್ ಹುಕುಂ ಸಮಿತಿ ಅದನ್ನು ಮಂಜೂರು ಮಾಡಲಾರದು. ಆನೆ ಕಂದಕದ ಈಚೆಗೆ ಇದೆ ಎಂದ ಮಾತ್ರಕ್ಕೆ ಅದು ಕಂದಾಯ ಜಮೀನು ಆಗುವುದಿಲ್ಲ. ಕಂದಕವನ್ನು ತೋಡಿದ್ದು ಆನೆ ತಡೆಯಲು. ಗಡಿಯನ್ನು ಹೇಳುವುದು ಅಧಿಸೂಚನೆ ಮತ್ತು ನಕ್ಷೆ.

ಮಂಜೂರಾದವರ ಮನೆಗೆ ಹೋದರೆ ಟ್ರಂಕಿನ ತಳದಿಂದ, ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಒಂದು ಹಾಳೆ ತೆಗೆದು ತೋರಿಸುತ್ತಾರೆ. ಅದು ಸಾಗುವಳಿ ಚೀಟಿ. ಮಡಿಕೆ ಬಿದ್ದ ಕಡೆ ಹರಿದಿರುತ್ತದೆ, ತಹಶೀಲ್ದಾರರ ಮೊಹರು ಮಾಸಿರುತ್ತದೆ. ಹಿಂದೆ ಚಕ್ಕುಬಂದಿ ಬರೆದಿರುತ್ತಾರೆ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಗೋಮಾಳ, ಉತ್ತರಕ್ಕೆ ಇಂಥವರ ಜಮೀನು. ಚೀಟಿ ಸಿಕ್ಕಿದ ದಿನವೇ ಹೊಲ ನಮ್ಮದಾಯಿತು ಎಂದು ಆ ಮನೆಯವರು ನಂಬಿರುತ್ತಾರೆ. ಆ ನಂಬಿಕೆಯಲ್ಲಿ ತಪ್ಪೇನೂ ಇಲ್ಲ, ಆದರೆ ಕೆಲಸ ಅರ್ಧಕ್ಕೇ ನಿಂತಿರುತ್ತದೆ. ನಾನು ಇವತ್ತು ಒತ್ತಿ ಹೇಳಬೇಕೆಂದಿರುವ ಮಾತು ಇದೊಂದೇ: ಮಂಜೂರಾತಿ ಆದೇಶ ಬಂದಮೇಲೆ ಅದು ಖಾತೆಗೆ ಏರಬೇಕು, ನಕ್ಷೆಗೆ ಇಳಿಯಬೇಕು. ಎರಡರಲ್ಲಿ ಒಂದು ತಪ್ಪಿದರೂ ಹಕ್ಕು ಪೂರ್ತಿಯಾಗುವುದಿಲ್ಲ.

ಪಹಣಿಯನ್ನು ಕೈಗೆ ತೆಗೆದುಕೊಂಡು ಒಮ್ಮೆ ನಿಧಾನವಾಗಿ ಓದಿ. ಮೊದಲ ಕಾಲಂನಲ್ಲಿ ಸರ್ವೆ ನಂಬರು, ಎರಡರಲ್ಲಿ ಹಿಸ್ಸಾ, ಮೂರರಲ್ಲಿ ವಿಸ್ತೀರ್ಣ ಇರುತ್ತದೆ. ಒಟ್ಟು ವಿಸ್ತೀರ್ಣದಲ್ಲಿ ಖರಾಬು ಎಷ್ಟು ಎಂದು ಅಲ್ಲೇ ಕಳೆದಿರುತ್ತಾರೆ. ಒಂಬತ್ತನೇ ಕಾಲಂನಲ್ಲಿ ಕಬ್ಜೆದಾರರ ಹೆಸರು, ಅವರ ಭಾಗದ ಎಕರೆ ಗುಂಟೆ, ಖಾತೆ ನಂಬರು. ಹತ್ತರಲ್ಲಿ ಆ ಹೆಸರು ಯಾವ ಎಂ.ಆರ್. (ಖಾತೆ ಬದಲಾವಣೆಯ ನಮೂದು) ಮೇಲೆ ಬಂತು ಎಂಬ ವಿವರ. ಹನ್ನೊಂದರಲ್ಲಿ ಸಾಲ, ತಡೆಯಾಜ್ಞೆ ಇತ್ಯಾದಿ. ಹನ್ನೆರಡರಲ್ಲಿ ಸಾಗುವಳಿ ಮಾಡುವವರು ಮತ್ತು ಬೆಳೆ. ಬಹಳ ಜನ ಹನ್ನೆರಡನೇ ಕಾಲಂನಲ್ಲಿ ತಮ್ಮ ಹೆಸರು ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ. ಅದು ಸಾಗುವಳಿಯ ಕಾಲಂ. ಒಡೆತನವನ್ನು ನೋಡಬೇಕಾದದ್ದು ಒಂಬತ್ತರಲ್ಲಿ.

ಚೀಟಿ ಇದ್ದೂ ಒಂಬತ್ತನೇ ಕಾಲಂಗೆ ಹೆಸರು ಬರದಿದ್ದರೆ, ಖಾತೆ ಬದಲಾವಣೆಗೆ ಅರ್ಜಿ ಕೊಟ್ಟಿದ್ದಿರಾ, ಕೊಟ್ಟ ಸ್ವೀಕೃತಿ ಎಲ್ಲಿ ಎಂದು ಮೊದಲು ನೋಡಿಕೊಳ್ಳಬೇಕು. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಕೆಲವು ಹೆಸರು ತಪ್ಪಾದವು, ಕೆಲವು ಬಿಟ್ಟುಹೋದವು. ಹಳೆಯ ಕೈಬರಹದ ಪಹಣಿಯ ದೃಢೀಕೃತ ನಕಲು ತೆಗೆಸಿದರೆ ಅದನ್ನು ತೋರಿಸಿ ತಿದ್ದಿಸಲು ದಾರಿ ಇದೆ. ತಾಲ್ಲೂಕು ಕಚೇರಿಗಳ ಅಭಿಲೇಖಾಲಯದ ಕಡತಗಳನ್ನು ಈಗ ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. "ಕಡತ ಸಿಗುತ್ತಿಲ್ಲ" ಎಂಬ ಉತ್ತರವನ್ನು ವರ್ಷಗಟ್ಟಲೆ ಕೇಳಿ ಸುಸ್ತಾದವರಿಗೆ ಇದು ನಿಜವಾದ ಸಹಾಯ.

ಇನ್ನು ಪೋಡಿ. ನಮ್ಮ ಕಡೆಯ ಮಂಜೂರು ಜಮೀನುಗಳ ಮುಕ್ಕಾಲು ತೊಂದರೆ ಇಲ್ಲೇ ಇದೆ ಎನ್ನುವುದು ನನ್ನ ಅನುಭವ. ನೂರಾರು ಎಕರೆಯ ಒಂದು ಗೋಮಾಳದ ನಂಬರಿನಲ್ಲಿ ಮೂವತ್ತು ನಲವತ್ತು ಜನರಿಗೆ ತಲಾ ಎರಡೆರಡು ಎಕರೆ ಮಂಜೂರಾಗಿರುತ್ತದೆ. ಎಲ್ಲರ ಹೆಸರೂ ಒಂದೇ ಪಹಣಿಯಲ್ಲಿ ಸಾಲಾಗಿ ನಿಂತಿರುತ್ತವೆ. ಯಾರ ಎರಡು ಎಕರೆ ಯಾವ ಮೂಲೆಯಲ್ಲಿ ಎಂದು ಆ ಪಹಣಿ ಹೇಳುವುದಿಲ್ಲ. ಅಳತೆ ಮಾಡಿ, ಕಲ್ಲು ನೆಟ್ಟು, ಪ್ರತಿಯೊಬ್ಬರಿಗೂ ಬೇರೆ ನಂಬರು, ಬೇರೆ ನಕ್ಷೆ ಕೊಡುವುದೇ ದರಖಾಸ್ತು ಪೋಡಿ. ಅದು ಆಗದೆ ಭಾಗ ಮಾಡಿಕೊಳ್ಳಲು, ಮಗಳಿಗೆ ಬರೆದುಕೊಡಲು ಹೋದರೆ ನೋಂದಣಿಗೆ ಬೇಕಾದ 11-ಇ ನಕ್ಷೆ ಸಿಗುವುದಿಲ್ಲ. ಪಕ್ಕದವರು ನಾಲ್ಕು ಸಾಲು ಒತ್ತಿ ಉತ್ತರೆ ಹದ್ದುಬಸ್ತು ಮಾಡಿಸಲು ಅಳತೆಯ ಆಧಾರವೇ ಇರುವುದಿಲ್ಲ. ಅಪ್ಪನ ಕಾಲದಲ್ಲಿ ಅಣ್ಣತಮ್ಮಂದಿರಂತೆ ಇದ್ದ ಎರಡು ಮನೆ, ಮಕ್ಕಳ ಕಾಲಕ್ಕೆ ಕೋರ್ಟಿನಲ್ಲಿ ಎದುರುಬದುರು ನಿಲ್ಲುವುದು ಹೀಗೆ.

ಇದರಲ್ಲಿ ಇನ್ನೊಂದು ಗಂಟಿದೆ. ಕೆಲವು ನಂಬರುಗಳಲ್ಲಿ ಮಂಜೂರಾದ ವಿಸ್ತೀರ್ಣವನ್ನು ಕೂಡಿಸಿದರೆ ಸ್ಥಳದಲ್ಲಿರುವ ಜಮೀನಿಗಿಂತ ಹೆಚ್ಚಾಗುತ್ತದೆ. ಅಂಥ ಕಡೆ ಅಳತೆಗೆ ಬಂದ ಸರ್ವೆಯರು ಏನು ಮಾಡಿಯಾರು? ಸ್ವಾಧೀನ ಯಾರದು, ಮೂಲ ಕಡತ ಯಾರದ್ದಿದೆ ಎಂದು ಒಬ್ಬೊಬ್ಬರದ್ದೇ ಬಿಡಿಸಬೇಕಾಗುತ್ತದೆ. 2024ರ ಕೊನೆಯಲ್ಲಿ ರಾಜ್ಯ ಸರ್ಕಾರ ದರಖಾಸ್ತು ಪೋಡಿಗೆಂದೇ ಅಭಿಯಾನ ಶುರು ಮಾಡಿ, ಕಡತಗಳನ್ನು ಆ್ಯಪ್ ಮೂಲಕ ಒಟ್ಟುಮಾಡುವ ಕೆಲಸಕ್ಕೆ ಕೈಹಾಕಿದೆ. ನಿಮ್ಮ ನಂಬರು ಆ ಪಟ್ಟಿಯಲ್ಲಿದೆಯೇ ಎಂದು ಗ್ರಾಮ ಆಡಳಿತಾಧಿಕಾರಿಯನ್ನು ವಿಚಾರಿಸಿ. ಒಬ್ಬರೇ ಹೋಗುವುದಕ್ಕಿಂತ ಅದೇ ನಂಬರಿನ ಎಲ್ಲರೂ ಚೀಟಿ ಹಿಡಿದು ಒಟ್ಟಿಗೆ ಹೋಗುವುದು ಒಳ್ಳೆಯದು. ಹೊಸದಾಗಿ ಬಗರ್ ಹುಕುಂ ಮಂಜೂರಾದವರಿಗೆ ಈಗ ಡಿಜಿಟಲ್ ಸಾಗುವಳಿ ಚೀಟಿ ಕೊಟ್ಟು, ತಹಶೀಲ್ದಾರರೇ ಜಮೀನನ್ನು ಅವರ ಹೆಸರಿಗೆ ನೋಂದಣಿ ಮಾಡಿಸುವ ಪದ್ಧತಿ ಬಂದಿದೆ. ಮೂವತ್ತು ವರ್ಷ ಮೊದಲೇ ಬರಬೇಕಾಗಿದ್ದ ಪದ್ಧತಿ ಇದು.

ಈಗ ಕಾಡಂಚಿಗೆ ಬರೋಣ. ಬಂಡೀಪುರದ ಅಂಚಿನಲ್ಲಿ, ಮಂಗಲ, ಕಣಿಯನಪುರದ ಕಡೆ, ಜೇನು ಕುರುಬರ, ಸೋಲಿಗರ ಹಾಡಿಗಳು, ಕಾಲೋನಿಗಳು ಇವೆ. ಇಲ್ಲಿ ದರಖಾಸ್ತೂ ಇಲ್ಲ, ಬಗರ್ ಹುಕುಮೂ ಇಲ್ಲ. ಇವರಿಗೆಂದೇ ಇರುವುದು 2006ರ ಅರಣ್ಯ ಹಕ್ಕು ಕಾಯ್ದೆ. 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿ ವಾಸವಾಗಿದ್ದು, ಉಳುಮೆ ಮಾಡಿಕೊಂಡಿದ್ದರೆ, ಉಳುವಷ್ಟು ನೆಲಕ್ಕೆ, ಹೆಚ್ಚೆಂದರೆ ನಾಲ್ಕು ಹೆಕ್ಟೇರಿಗೆ, ಹಕ್ಕುಪತ್ರ ಕೊಡಬೇಕು ಎನ್ನುತ್ತದೆ ಆ ಕಾಯ್ದೆ. ಪರಿಶಿಷ್ಟ ಪಂಗಡದವರಲ್ಲದ ಪಾರಂಪರಿಕ ಅರಣ್ಯವಾಸಿಗಳಾದರೆ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಜೇನು ಕುರುಬರಿಗೆ, ಸೋಲಿಗರಿಗೆ ಆ ಷರತ್ತಿಲ್ಲ.

ನನಗೆ ಈ ಕಾಯ್ದೆಯಲ್ಲಿ ಬಹಳ ದೊಡ್ಡದಾಗಿ ಕಾಣುವುದು ಅದು ಯಾವುದನ್ನು ಸಾಕ್ಷ್ಯ ಎಂದು ಒಪ್ಪುತ್ತದೆ ಎಂಬುದು. ಪಡಿತರ ಚೀಟಿ, ಮತದಾರರ ಚೀಟಿ ಸರಿಯೇ. ಅವಿಲ್ಲದವರು ನೆಲದ ಮೇಲಿನ ಗುರುತುಗಳನ್ನು ತೋರಿಸಬಹುದು. ಹಾಕಿದ ಬದು, ಸಮ ಮಾಡಿದ ನೆಲ, ತೋಡಿದ ಬಾವಿ, ಹಿರಿಯರನ್ನು ಮಣ್ಣು ಮಾಡಿದ ಜಾಗ, ದೇವರ ಕಲ್ಲು, ಎಲ್ಲವೂ ಸಾಕ್ಷ್ಯ. ಅರ್ಜಿದಾರರಲ್ಲದ ಹಾಡಿಯ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಒಂದಕ್ಕಿಂತ ಹೆಚ್ಚು ಇರಬೇಕು, ಅಷ್ಟೇ. ಅಕ್ಷರ ಬಾರದ ಅಜ್ಜಿಯೊಬ್ಬರು ಹುಣಸೆ ಮರದ ಬುಡದಲ್ಲಿ ನಿಂತು, "ಇಲ್ಲೇ ನಮ್ಮವ್ವನ ಮಣ್ ಮಾಡಿರದು" ಎಂದು ಕೈ ತೋರಿಸಿದರೆ, ಅರಣ್ಯ ಹಕ್ಕು ಸಮಿತಿ ಅದನ್ನು ಬರೆದುಕೊಳ್ಳಬೇಕು. ನೂರು ವರ್ಷ ಕಾಗದ ಇಲ್ಲವೆಂದು ಹೊರಗಿಟ್ಟವರಿಗೆ, ಕಾಗದ ಬೇಡ ನಿಮ್ಮ ನೆನಪನ್ನು ಹೇಳಿ ಎಂದು ಒಂದು ಕಾನೂನು ಕೇಳುತ್ತಿದೆ. ಈ ಅವಕಾಶವನ್ನು ಹಗುರವಾಗಿ ಬಿಡಬಾರದು.

ಅರ್ಜಿ ಹೋಗುವುದು ಗ್ರಾಮಸಭೆಗೆ. ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿ ಸ್ಥಳಕ್ಕೆ ಬಂದು ನೋಡುತ್ತದೆ. ಸಮಿತಿಯಲ್ಲಿ ಮೂರನೇ ಒಂದು ಭಾಗವಾದರೂ ಹೆಂಗಸರು ಇರಲೇಬೇಕು. ಅಲ್ಲಿಂದ ಉಪವಿಭಾಗಾಧಿಕಾರಿಗಳ ಸಮಿತಿಗೆ, ಕೊನೆಗೆ ಜಿಲ್ಲಾಧಿಕಾರಿಗಳ ಸಮಿತಿಗೆ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಅದು ಕೈಸೇರಿದ 60 ದಿನದೊಳಗೆ ಮೇಲ್ಮನವಿ ಹಾಕಬಹುದು. "ನಿಮ್ಮದು ಆಗಲ್ಲ" ಎಂದು ಯಾರೋ ಬಾಯಿಮಾತಿನಲ್ಲಿ ಹೇಳಿದ್ದು ತಿರಸ್ಕಾರ ಅಲ್ಲ. ಪರಿಶೀಲನೆ ಮುಗಿಯುವವರೆಗೆ ಒಕ್ಕಲೆಬ್ಬಿಸುವಂತೆಯೂ ಇಲ್ಲ. ಕೊಟ್ಟ ಹಕ್ಕು ಮಕ್ಕಳಿಗೆ ಬರುತ್ತದೆ, ಮಾರಲು ಬರುವುದಿಲ್ಲ. ಮದುವೆಯಾದವರಿಗೆ ಗಂಡ ಹೆಂಡತಿ ಇಬ್ಬರ ಹೆಸರಿಗೂ ಜಂಟಿಯಾಗಿ ಬರೆಯಬೇಕು.

ಇದು ಆಗದ ಮಾತಲ್ಲ ಎನ್ನಲು ನಮ್ಮ ಜಿಲ್ಲೆಯೇ ಸಾಕ್ಷಿ. ಬಿಳಿಗಿರಿರಂಗನ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದ 2011ರಲ್ಲೇ, ಅಕ್ಟೋಬರ್ 2ರಂದು, ಅಲ್ಲಿನ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿ, ಪಾಚಿ ತರುವ ಹಕ್ಕು ಕಾಗದದ ಮೇಲೆ ಬಂತು. ಹುಲಿ ಇರುವ ಕಾಡಿನಲ್ಲಿ ಜನರ ಹಕ್ಕನ್ನೂ ಗೌರವಿಸಲು ಸಾಧ್ಯ ಎಂದು ಬೆಟ್ಟದ ಜನ ತೋರಿಸಿಕೊಟ್ಟರು. ಬಂಡೀಪುರದ ಅಂಚಿನ ಹಾಡಿಗಳೂ ಅದೇ ಕಾಯ್ದೆಯ ಕೆಳಗೇ ಬರುತ್ತವೆ.

ಮನೆಗಳ ವಿಷಯ ಸ್ವಲ್ಪದರಲ್ಲೇ ಹೇಳುತ್ತೇನೆ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗೆ ಭೂಕಂದಾಯ ಕಾಯ್ದೆಯ 94-ಸಿ ಕಲಂ ಇದೆ. ದಾಖಲೆಯಲ್ಲೇ ಇಲ್ಲದ ತಾಂಡಾ, ಹಟ್ಟಿ, ಹಾಡಿ, ದೊಡ್ಡಿಗಳನ್ನು ಕಂದಾಯ ಗ್ರಾಮ ಮಾಡಿ ಅಲ್ಲಿನವರಿಗೆ ಹಕ್ಕುಪತ್ರ ಕೊಡುವ ಕೆಲಸ ರಾಜ್ಯದಲ್ಲಿ ನಡೆಯುತ್ತಿದೆ. 2025ರ ಮೇ 20ರಂದು ಹೊಸಪೇಟೆಯ ಒಂದೇ ಸಮಾರಂಭದಲ್ಲಿ 1,11,111 ಕುಟುಂಬಗಳ ಹಕ್ಕುಪತ್ರ ವಿತರಣೆಗೆ ಚಾಲನೆ ಸಿಕ್ಕಿತು. ಪಂಚಾಯಿತಿ ಕಂದಾಯ ಕಟ್ಟಿದ ರಸೀದಿ, ಇ-ಸ್ವತ್ತಿನ ನಮೂನೆ 9 ಮತ್ತು 11 ಇದ್ದರೆ ಒಡೆತನ ಬಂದಂತೆ ಎಂದು ತಿಳಿಯಬೇಡಿ. ಅವು ಬೇಕೇ ಬೇಕು, ಆದರೆ ಅವು ತೆರಿಗೆಯ ದಾಖಲೆ.

ನೋಂದಣಿಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. 1908ರ ನೋಂದಣಿ ಕಾಯ್ದೆಯಡಿ ಉಪನೋಂದಣಾಧಿಕಾರಿ ನೋಂದಾಯಿಸುವುದು ಪತ್ರವನ್ನು. ಬರೆದುಕೊಟ್ಟವರಿಗೆ ನಿಜವಾಗಿ ಹಕ್ಕಿತ್ತೇ ಎಂದು ಆ ಕಚೇರಿ ತೀರ್ಪು ಕೊಡುವುದಿಲ್ಲ. ಪಹಣಿಯೂ ಅಷ್ಟೇ, ಸುಳ್ಳೆಂದು ರುಜುವಾತಾಗುವವರೆಗೆ ನಿಜವೆಂದು ಭಾವಿಸಬೇಕು ಎಂದಷ್ಟೇ ಭೂಕಂದಾಯ ಕಾಯ್ದೆಯ 133ನೇ ಕಲಂ ಹೇಳುತ್ತದೆ. ಆದ್ದರಿಂದ ಮೂಲ ಮಂಜೂರಾತಿ ಆದೇಶ, ಸಾಗುವಳಿ ಚೀಟಿ, ಎಂ.ಆರ್. ನಕಲು, ಕಂದಾಯ ರಸೀದಿ, ನಕ್ಷೆ ಇವನ್ನು ಒಂದೇ ಕಡೆ ಜೋಪಾನ ಮಾಡಿ. ಮೂಲ ಪ್ರತಿಯನ್ನು ದಲ್ಲಾಳಿಗಳ ಕೈಗೆ ಕೊಡಬೇಡಿ.

ದಲ್ಲಾಳಿಗಳ ಮಾತು ಏಕೆ ಬಂತು ಎಂದರೆ, ಊಟಿ ರಸ್ತೆಯ ಎರಡೂ ಬದಿಯ ಜಮೀನಿನ ಬೆಲೆ ಈಗ ಬೇರೆಯೇ ಆಗಿದೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಾರದೆಂಬ ಕಲಂಗಳು 2020ರಲ್ಲಿ ಹೋದವು. ಆದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡಿದರೆ ಅದು ಅಸಿಂಧು ಎಂದು 1978ರ ಪಿ.ಟಿ.ಸಿ.ಎಲ್. ಕಾಯ್ದೆ ಹೇಳುತ್ತದೆ, ಅಂಥ ಜಮೀನು ಮರಳಿ ಕೇಳಲು ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಅಗ್ರಿಮೆಂಟ್ ಎಂದೋ, ಜಿ.ಪಿ.ಎ. ಎಂದೋ ಹೇಳಿ ಮುಂಗಡ ಕೊಟ್ಟು ಸಹಿ ಕೇಳುವವರು ಬಂದಾಗ ಇದು ನೆನಪಿರಲಿ. ಕೊಳ್ಳುವವರೂ ತಿಳಿಯಬೇಕಾದದ್ದು ಒಂದಿದೆ: 2012ರ ಅಕ್ಟೋಬರಿನಲ್ಲಿ ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಗಿದೆ, ಅದರೊಳಗೆ ಭೂಪರಿವರ್ತನೆಗೆ ನಿರ್ಬಂಧಗಳಿವೆ.

ಹೆಣ್ಣುಮಕ್ಕಳ ಹೆಸರಿನ ಬಗ್ಗೆ ಹೇಳದೆ ಮುಗಿಸಲಾರೆ. ಹಂಗಳದ ಹೊಲಗಳಲ್ಲಿ ಅರಿಶಿನ ಕೀಳುವವರು, ಸಣ್ಣ ಈರುಳ್ಳಿ ಕೊಯ್ಯುವವರು, ಕಳೆ ತೆಗೆಯುವವರು ಹೆಚ್ಚಾಗಿ ಹೆಂಗಸರು. ಪಹಣಿಗಳಲ್ಲಿ ಅವರ ಹೆಸರು ಅಪರೂಪ. ಗಂಡ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸುವಾಗ ವಂಶವೃಕ್ಷದಲ್ಲಿ ಹೆಂಡತಿ, ಮಗಳು ಇಬ್ಬರೂ ಇರಬೇಕು. ಕೊಟ್ಟ ಮಗಳಿಗೆ ಭಾಗ ಇಲ್ಲ ಎಂಬ ಮಾತು ಕಾನೂನಿನಲ್ಲಿ ಇಲ್ಲ. ಮೊದಲ ಸಲ ಹಕ್ಕುಪತ್ರ ಬರುವ ಮನೆಗಂತೂ ಇದು ಶುರುವಿನಲ್ಲೇ ಸರಿಮಾಡಿಕೊಳ್ಳುವ ಅವಕಾಶ. ಅರ್ಜಿ ಬರೆಯುವಾಗಲೇ ಇಬ್ಬರ ಹೆಸರೂ ಬರೆಯಿಸಿ.

ಬಿಡುವಾದಾಗ ನಾಡಕಚೇರಿಗೆ ಹೋಗಿ ನೀವು ಉಳುವ ನಂಬರಿನ ಪಹಣಿ ತೆಗೆಸಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನಿಂದ ಗಟ್ಟಿಯಾಗಿ ಓದಿಸಿ. ಅರ್ಜಿ ಕೊಟ್ಟರೆ ಸ್ವೀಕೃತಿ ಪಡೆಯದೆ ಹಿಂದಿರುಗಬೇಡಿ. ವಕೀಲರಿಗೆ ಕೊಡಲು ಹಣವಿಲ್ಲ ಎಂದು ಕೈಬಿಡಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಎಲ್ಲ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಅದಕ್ಕೆ ಕರೆ ಮಾಡಬೇಕಾದ ಸಹಾಯವಾಣಿ 15100.